ಪೆನ್‌ಡ್ರೈವ್ ಸಿಕ್ಕಿದ ಮೇಲೆ ಏನಾಯಿತು?

ಪ್ರೀತಿಯ ತಮ್ಮಾ,

ನಿನ್ನ ಚಿತ್ರಕಥೆ ಎರಡು ಸಲ ಓದಿದೆ. ಮೊದಲ ಸಲ ರಾತ್ರಿ ಕೂತು ಒಂದೇ ಓಟಕ್ಕೆ, ಎರಡನೇ ಸಲ ಪೆನ್ಸಿಲ್ ಹಿಡಿದುಕೊಂಡು. ಕಾಗದದ ತುಂಬಾ ಮೇಡಂ ಮೇಡಂ ಅಂತ ಬರೆದಿದ್ದೀಯ. ಅಕ್ಕ ಅಂದರೆ ಸಾಕು. ಹನ್ನೊಂದು ವರ್ಷ ಪತ್ರಿಕೆಯಲ್ಲಿದ್ದೆ, ಆಮೇಲೆ ಸಿನಿಮಾಕ್ಕೆ ಬರೆಯೋಕೆ ಬಂದೆ. ಎರಡೂ ಕಡೆ ನಾನು ಎಲ್ಲರಿಗೂ ಅಕ್ಕನೇ.

ಕೆಲಸದ ಮಾತಿಗೆ ಬರುತ್ತೇನೆ. ನಿನ್ನ ನಾಯಕ ಪತ್ರಕರ್ತ. ಚೆನ್ನಾಗಿ ಮಾತಾಡುತ್ತಾನೆ, ಬೈಕ್ ಓಡಿಸುತ್ತಾನೆ, ನಾಲ್ಕು ಜನಕ್ಕೆ ಹೊಡೆಯುತ್ತಾನೆ. 84ನೇ ಪುಟದಲ್ಲಿ ಅವನಿಗೆ ಒಂದು ಪೆನ್‌ಡ್ರೈವ್ ಸಿಗುತ್ತದೆ. 87ನೇ ಪುಟದಲ್ಲಿ ಅದರೊಳಗಿದ್ದದ್ದು ಟೀವಿಯಲ್ಲಿ ಲೈವ್ ಬರುತ್ತದೆ. 89ರಲ್ಲಿ ಮಂತ್ರಿಯ ಕೈಗೆ ಕೋಳ. ಶುಭಂ.

ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡ್ಕೋಬೇಡ. ಇವನನ್ನು ಪೊಲೀಸ್ ಇನ್‌ಸ್ಪೆಕ್ಟರ್ ಮಾಡಿದ್ದರೆ ನಿನ್ನ ಕಥೆಯಲ್ಲಿ ಏನು ಬದಲಾಗುತ್ತಿತ್ತು? ನಾನು ಹುಡುಕಿ ನೋಡಿದೆ. ಕೊರಳಲ್ಲಿ ನೇತಾಡುವ ಕಾರ್ಡು ಬದಲಾಗುತ್ತಿತ್ತು, ಅಷ್ಟೇ.

ಪೊಲೀಸಿನವನಿಗೆ ಕಳ್ಳ ಸಿಕ್ಕಿದರೆ ಕಥೆ ಮುಗಿಯಿತು. ಪತ್ರಕರ್ತನಿಗೆ ವಿಷಯ ಗೊತ್ತಾದರೆ ಇಂಟರ್ವಲ್ ಆಯಿತು ಅಂತ ಲೆಕ್ಕ. ಅವನಿಗೆ ಗೊತ್ತು, ಆದರೆ ಬರೆಯುವ ಹಾಗಿಲ್ಲ. ಯಾಕೆಂದರೆ ಹೇಳಿದವನು ಹೆಸರು ಹಾಕಬೇಡ ಅಂದಿದ್ದಾನೆ. ಕಾಗದದ ನಕಲು ಕೈಯಲ್ಲಿಲ್ಲ. ಎರಡನೆಯವರು ಯಾರೂ ಹೌದು ಅನ್ನುತ್ತಿಲ್ಲ. ವಕೀಲರು ಮೂರನೇ ಪ್ಯಾರಾ ತೆಗೆಯಿರಿ ಅನ್ನುತ್ತಾರೆ, ಅದು ತೆಗೆದರೆ ಸುದ್ದಿಯೇ ಇಲ್ಲ. ಪುಟ ಅಚ್ಚಿಗೆ ಬಿಡೋಕೆ ಇನ್ನು ನಲವತ್ತು ನಿಮಿಷ. ಈ ಗೊತ್ತಿರುವುದಕ್ಕೂ ಬರೆಯಬಹುದಾದ್ದಕ್ಕೂ ನಡುವೆ ಇರುವ ಜಾಗ ಇದೆಯಲ್ಲ, ನಿನ್ನ ಸಿನಿಮಾ ನಡೆಯಬೇಕಾದದ್ದು ಅಲ್ಲಿ. ನೀನು ಆ ಜಾಗವನ್ನು ಮೂರು ಪುಟದಲ್ಲಿ ಹಾರಿಬಿಟ್ಟಿದ್ದೀಯ.

ಒಮ್ಮೆ ಒಂದು ಕಚೇರಿಯ ಗುಮಾಸ್ತರು ನನಗೊಂದು ಫೈಲು ತೋರಿಸಿದರು. ಊಟಕ್ಕೆ ಎಲ್ಲರೂ ಎದ್ದು ಹೋದ ಹೊತ್ತು. ನಕಲು ಕೊಡಲ್ಲ, ಬರೆದುಕೊಳ್ಳಲೂ ಬೇಡಿ, ಓದಿ ಅಷ್ಟೇ ಅಂದರು. ಅರ್ಧ ಗಂಟೆ ಓದಿದೆ. ಒಂದೊಂದು ಅಂಕಿಯನ್ನೂ ಬಾಯಿಪಾಠ ಮಾಡಿಕೊಂಡು, ಮೆಟ್ಟಿಲಿಳಿದು, ಮರದ ಕೆಳಗೆ ನಿಂತು ಕೈ ನಡುಗುತ್ತಾ ನೋಟ್‌ಬುಕ್ಕಿಗೆ ಇಳಿಸಿದೆ. ಸಂಪಾದಕರು ಕೇಳಿದ್ದು ಎರಡೇ ಪದ. ‘ಕಾಗದ ಎಲ್ಲಿ?’ ಮೂರು ವಾರ ಅಲೆದೆ. ಕಾಗದ ಸಿಗಲಿಲ್ಲ. ಆ ಗುಮಾಸ್ತರು ನನ್ನನ್ನು ನೋಡಿದರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ಆ ಮೂರು ವಾರ ನಾನು ಮನೆಯಲ್ಲಿ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಅದನ್ನು ಬೇರೆ ಪತ್ರಿಕೆಯವರು ಬರೆದರು. ನಿನ್ನ ನಾಯಕನಿಗೆ ಇಂಥ ಮೂರು ವಾರ ಕೊಡು.

‘ಆಲ್ ದಿ ಪ್ರೆಸಿಡೆಂಟ್ಸ್ ಮೆನ್’ ನೋಡಿದ್ದೀಯ ಅಂತ ಬರೆದಿದ್ದೀಯ. 1976ರದ್ದು, ಅಮೆರಿಕದ ಅಧ್ಯಕ್ಷ ನಿಕ್ಸನ್‌ನ ಕುರ್ಚಿ ಅಲ್ಲಾಡಿಸಿದ ವಾಟರ್‌ಗೇಟ್ ಹಗರಣ ಬಯಲಿಗೆಳೆದ ಇಬ್ಬರು ವರದಿಗಾರರ ಕಥೆ. ಮತ್ತೆ ನೋಡು, ಈ ಸಲ ಒಂದೇ ಜಾಗಕ್ಕಾಗಿ. ಅವರಲ್ಲಿ ಒಬ್ಬನಾದ ಬರ್ನ್‌ಸ್ಟೀನ್ ಪಾತ್ರದ ಡಸ್ಟಿನ್ ಹಾಫ್‌ಮನ್ ಒಬ್ಬ ಸರ್ಕಾರಿ ವಕೀಲನಿಗೆ ಫೋನ್ ಮಾಡುತ್ತಾನೆ. ಆ ಮನುಷ್ಯ ಬಾಯಿ ಬಿಡುವ ಹಾಗಿಲ್ಲ. ಅದಕ್ಕೆ ಇವನು ಒಂದು ಉಪಾಯ ಹೂಡುತ್ತಾನೆ. ನಾನು ಹತ್ತರವರೆಗೆ ಎಣಿಸುತ್ತೇನೆ, ಸುದ್ದಿ ತಪ್ಪಾಗಿದ್ದರೆ ಅಷ್ಟರೊಳಗೆ ಫೋನ್ ಇಟ್ಟುಬಿಡಿ, ಸರಿ ಇದ್ದರೆ ಲೈನಿನಲ್ಲೇ ಇರಿ. ಎಣಿಸುತ್ತಾನೆ. ಅವನು ಇಡುವುದಿಲ್ಲ. ಸುದ್ದಿ ಅಚ್ಚಾಗುತ್ತದೆ. ಮಾರನೇ ದಿನ ಎಲ್ಲ ತಲೆಕೆಳಗು. ಯಾರ ಸಾಕ್ಷ್ಯ ಅಂತ ಇವರು ಬರೆದಿದ್ದರೋ ಆ ಮನುಷ್ಯನ ವಕೀಲ, ನಮ್ಮವರು ಹಾಗೆ ಸಾಕ್ಷ್ಯ ಹೇಳೇ ಇಲ್ಲ ಅನ್ನುತ್ತಾನೆ. ತಮಾಷೆ ನೋಡು, ವಿಷಯ ನಿಜವೇ ಇತ್ತು. ಮೊಕದ್ದಮೆ ಹೂಡಬೇಕೋ ಬೇಡವೋ ಅಂತ ತೀರ್ಮಾನಿಸುವ ಗ್ರ್ಯಾಂಡ್ ಜ್ಯೂರಿಯ ಮುಂದೆ ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ, ಅಷ್ಟೇ. ಸತ್ಯ ಬರೆದೂ ತಪ್ಪು ಬರೆದ ಹಾಗಾಯಿತು.

ಒಂದು ಫೋನು, ಒಂದರಿಂದ ಹತ್ತು. ಗನ್ ಇಲ್ಲ, ಚೇಸ್ ಇಲ್ಲ. ನೀನು 40 ಪುಟ ಬೈಕ್ ಓಡಿಸಿ ಹುಟ್ಟಿಸೋಕೆ ನೋಡಿದ ಭಯ ಅಲ್ಲಿ ಎಣಿಕೆಯಲ್ಲೇ ಇದೆ. ಇನ್ನೂ ಒಂದು ಗಮನಿಸು. ಆ ಸಿನಿಮಾ ಮುಗಿಯುವುದು ಅವರು ಗೆದ್ದಾಗ ಅಲ್ಲ. ಟೀವಿಯಲ್ಲಿ ನಿಕ್ಸನ್ ಎರಡನೇ ಸಲ ಪ್ರಮಾಣವಚನ ತಗೊಳ್ಳುತ್ತಿದ್ದಾನೆ, ಹಿಂದೆ ಇವರಿಬ್ಬರೂ ತಲೆ ಬಗ್ಗಿಸಿ ಟೈಪ್ ಮಾಡುತ್ತಿದ್ದಾರೆ. ಆಮೇಲೆ ಆದದ್ದೆಲ್ಲ, 1974ರ ರಾಜೀನಾಮೆಯವರೆಗೂ, ಟೆಲಿಪ್ರಿಂಟರ್ ಸಾಲುಗಳಲ್ಲಿ ಟಕಟಕ ಬಂದುಹೋಗುತ್ತದೆ. ಕೋಳ ತೊಡಿಸುವುದನ್ನು ತೋರಿಸಲೇ ಇಲ್ಲ. ನಿನ್ನ 89ನೇ ಪುಟದ ಬಗ್ಗೆ ಇನ್ನೇನು ಹೇಳಲಿ?

ಆಫೀಸಿನ ದೃಶ್ಯಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೀನು ಬರೆದಿರುವ ಸುದ್ದಿಮನೆ ಯಾವುದೋ ಬ್ಯಾಂಕಿನ ಹಾಗಿದೆ. ಅಷ್ಟು ಚೊಕ್ಕವಾಗಿ ಇರುವುದಿಲ್ಲಪ್ಪ. ಅದೇ ಸಿನಿಮಾದವರು ಪತ್ರಿಕೆಯ ಕಚೇರಿಯನ್ನು ಸ್ಟುಡಿಯೋದಲ್ಲಿ ಸೆಟ್ ಹಾಕಿದಾಗ, ಮೇಜುಗಳ ಮೇಲೆ ಹರಡೋಕೆ ನಿಜವಾದ ಕಚೇರಿಯಿಂದ ಕಸ ತರಿಸಿಕೊಂಡಿದ್ದರು. ಒಂದು ವಾರ ಯಾವುದಾದರೂ ಡೆಸ್ಕಿನಲ್ಲಿ ಸುಮ್ನೆ ಕೂತು ಬಾ. ರಾತ್ರಿ ಪಾಳಿಯಲ್ಲಿ. ಹೆಡ್ಡಿಂಗ್ ಎರಡು ಅಕ್ಷರ ಜಾಸ್ತಿ ಆಗಿದೆ ಅಂತ ಸಬ್ ಎಡಿಟರ್ ಒಬ್ಬ ಹೇಗೆ ತಲೆ ಕೆರೆದುಕೊಳ್ಳುತ್ತಾನೆ ನೋಡು. ಕೊನೆ ಗಳಿಗೆಯಲ್ಲಿ ಜಾಹೀರಾತು ಬಂದು ಕಾಲು ಪುಟ ನುಂಗಿದಾಗ ಯಾರ ಸುದ್ದಿ ಸಾಯುತ್ತದೆ ನೋಡು.

ಈಗ ನಿನಗೆ ಇಷ್ಟವಾಗದ ಮಾತು. ನಿನ್ನ ನಾಯಕ ತುಂಬಾ ಒಳ್ಳೆಯವನು. ಪತ್ರಕರ್ತ ಅಂದರೆ ಸತ್ಯದ ದೂತ ಅಂತ ನೀನು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೀಯ. ನಮಗೆ ಹಸಿವು ಇರುತ್ತದೆ, ತಮ್ಮಾ. ಬೈಲೈನಿನ ಹಸಿವು, ಅಂದರೆ ಸುದ್ದಿಯ ಮೇಲೆ ನಮ್ಮ ಹೆಸರು ಅಚ್ಚಾಗಬೇಕು ಅನ್ನುವುದು. ಯಾರ ಮನೆಯಲ್ಲಿ ಸಾವಾಗಿದೆಯೋ ಆ ಮನೆಯ ಬಾಗಿಲಲ್ಲೂ ಅದು ಹೋಗುವುದಿಲ್ಲ.

ನನಗಾಗ ಇಪ್ಪತ್ಮೂರು. ಒಬ್ಬ ಹುಡುಗ ನೀರಿನಲ್ಲಿ ಮುಳುಗಿ ಹೋಗಿದ್ದ. ಫೋಟೋ ತಗೊಂಡು ಬಾ ಅಂತ ನನ್ನನ್ನು ಕಳಿಸಿದರು. ಹೊಸಬರನ್ನೇ ಕಳಿಸುವುದು ಇಂಥದ್ದಕ್ಕೆ. ಅವನ ತಾಯಿಯ ಹತ್ತಿರ ಬೇರೆ ಫೋಟೋ ಇರಲಿಲ್ಲ. ಕೆಲಸಕ್ಕೆ ಅಂತ ಅವನು ತುಂಬಿಟ್ಟಿದ್ದ ಒಂದು ಅರ್ಜಿ ಇತ್ತು, ಇನ್ನೂ ಕಳಿಸಿರಲಿಲ್ಲ. ಅದರ ಮೂಲೆಯಲ್ಲಿ ಪಾಸ್‌ಪೋರ್ಟ್ ಸೈಜಿನದ್ದು ಅಂಟಿಸಿತ್ತು. ಆಕೆ ಬೆರಳಿಗೆ ನೀರು ಮಾಡಿಕೊಂಡು ಅಂಚಿಗೆ ಸವರಿ ಸವರಿ, ಹರಿಯದ ಹಾಗೆ ಅದನ್ನು ಬಿಡಿಸಿದರು. ಐದು ನಿಮಿಷ ಹಿಡಿಯಿತು. ನಾನು ಆ ಐದು ನಿಮಿಷ ಗಡಿಯಾರ ನೋಡುತ್ತಿದ್ದೆ. ನಾಳೆ ವಾಪಸ್ ತಂದುಕೊಡುತ್ತೇನೆ ಅಂದೆ. ಅವತ್ತು ರಾತ್ರಿ ಜಾಹೀರಾತು ಬಂತು, ಫೋಟೋ ಕೈಬಿಟ್ಟರು, ಸುದ್ದಿ ಒಳಪುಟದಲ್ಲಿ ಆರು ಸಾಲು. ಫೋಟೋ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆಕೆ ಮೂರು ಸಲ ಆಫೀಸಿಗೆ ಫೋನ್ ಮಾಡಿಸಿದರು. ಮೂರು ಸಲವೂ, ನಾನಿಲ್ಲ ಅಂತ ಹೇಳಿಸಿದೆ. ನಾನು ಪಕ್ಕದಲ್ಲೇ ಕೂತಿದ್ದೆ.

ಆ ಇಪ್ಪತ್ಮೂರರ ಹುಡುಗಿ ಕೆಟ್ಟವಳಲ್ಲ. ಆದರೆ ಅವಳನ್ನು ನಾಯಕಿ ಮಾಡಿದರೆ ನೋಡುವವರು ಕುರ್ಚಿಯಲ್ಲಿ ಸ್ವಲ್ಪ ಮಿಸುಕಾಡುತ್ತಾರೆ, ಅಲ್ವಾ? ನಿರ್ದೇಶಕ ಬಿಲ್ಲಿ ವೈಲ್ಡರ್ ಅಷ್ಟಕ್ಕೆ ನಿಲ್ಲಲಿಲ್ಲ. 1951ರ ‘ಏಸ್ ಇನ್ ದಿ ಹೋಲ್’ನಲ್ಲಿ ಒಬ್ಬ ಗುಹೆಯೊಳಗೆ ಸಿಕ್ಕಿಕೊಂಡಿದ್ದಾನೆ. ಗೋಡೆಗೆ ಆಸರೆ ಕೊಟ್ಟರೆ ಬೇಗ ಹೊರಗೆ ತರಬಹುದು. ಕರ್ಕ್ ಡಗ್ಲಾಸ್ ಮಾಡಿರುವ ವರದಿಗಾರ ಅಲ್ಲಿನ ಪೊಲೀಸ್ ಮುಖ್ಯಸ್ಥ ಷೆರಿಫ್‌ನನ್ನು ಒಳಗೆ ಹಾಕಿಕೊಂಡು, ಬೆಟ್ಟದ ನೆತ್ತಿಯಿಂದ ಕೊರೆಯುವ, ದಿನಗಟ್ಟಲೆ ಹಿಡಿಯುವ ದಾರಿಯನ್ನು ಹಿಡಿಸುತ್ತಾನೆ. ಸುದ್ದಿ ಅಷ್ಟು ದಿನ ಮುಖಪುಟದಲ್ಲಿ ಇರಬೇಕಲ್ಲ. ಆ ಸಿನಿಮಾ ಬಂದಾಗ ಅಮೆರಿಕದಲ್ಲಿ ಓಡಲಿಲ್ಲ. ಯಾಕೆ ಓಡಲಿಲ್ಲ ಅಂತ ನನಗೆ ಅರ್ಥವಾಗುತ್ತದೆ.

ಇದರ ಪಕ್ಕದಲ್ಲಿ ‘ರೋಮನ್ ಹಾಲಿಡೇ’ ಇಟ್ಟು ನೋಡು, 1953ರದ್ದು. ಪ್ರೇಮಕಥೆ ಅಂತ ಎಲ್ಲರೂ ನೋಡುತ್ತಾರೆ. ನಾನು ಅದನ್ನು ಪತ್ರಕರ್ತನ ಸಿನಿಮಾ ಅಂತಲೇ ನೋಡುವುದು. ಕಾವಲು ತಪ್ಪಿಸಿ ಬಂದ ರಾಜಕುಮಾರಿಯ ಜೊತೆ ರೋಮ್ ಸುತ್ತಿದ ವರದಿಗಾರನ ಕೈಯಲ್ಲಿ ಎಕ್ಸ್‌ಕ್ಲೂಸಿವ್ ಇದೆ, ಫೋಟೋ ಇದೆ, ದುಡ್ಡಿನ ಅಗತ್ಯವೂ ಇದೆ. ಬರೆಯುವುದಿಲ್ಲ. ಕೊನೆಯಲ್ಲಿ ಸುದ್ದಿಗೋಷ್ಠಿಯ ಸಾಲಿನಲ್ಲಿ ನಿಂತ ಛಾಯಾಗ್ರಾಹಕ ಗೆಳೆಯ ಆ ಫೋಟೋಗಳ ಲಕೋಟೆಯನ್ನು ರಾಜಕುಮಾರಿಗೇ ಕೊಟ್ಟುಬಿಡುತ್ತಾನೆ. ಅಲ್ಲೂ ಅದೇ ಜಾಗ. ಗೊತ್ತಿದೆ, ಆದರೆ ಬರೆಯುವುದಿಲ್ಲ. ತಡೆದದ್ದು ವಕೀಲನಲ್ಲ, ಮನಸ್ಸು. ಆ ಲಕೋಟೆ ಕೈ ಬದಲಾಯಿಸುವುದನ್ನು ನೋಡುವಾಗೆಲ್ಲ ನನಗೆ ನನ್ನ ಆ ಪಾಸ್‌ಪೋರ್ಟ್ ಸೈಜಿನದ್ದು ನೆನಪಾಗುತ್ತದೆ.

ನಿನ್ನ ಪೆನ್‌ಡ್ರೈವ್ ಕೊಟ್ಟವನ ಬಗ್ಗೆ ಒಂದು ಮಾತು. ‘ಅಪರಿಚಿತ ವ್ಯಕ್ತಿ’ ಅಂತ ಬರೆದು ಕೈ ತೊಳೆದುಕೊಂಡಿದ್ದೀಯ. ಅವನು ಯಾಕೆ ಕೊಟ್ಟ? ಧರ್ಮಕ್ಕೆ ಯಾರೂ ಸುದ್ದಿ ಕೊಡುವುದಿಲ್ಲ. ಬಡ್ತಿ ತಪ್ಪಿದ ಸಿಟ್ಟಿರುತ್ತದೆ, ಎದುರಾಳಿಯನ್ನು ಮುಗಿಸುವ ಲೆಕ್ಕ ಇರುತ್ತದೆ, ಅಪರೂಪಕ್ಕೆ ಒಮ್ಮೆ ನಿಜವಾದ ಸಂಕಟ ಇರುತ್ತದೆ. ‘ನ್ಯೂ ಡೆಲ್ಲಿ ಟೈಮ್ಸ್’ನಲ್ಲಿ ಶಶಿ ಕಪೂರ್ ಮಾಡಿದ ಸಂಪಾದಕ ಒಂದು ಕೊಲೆಯ ಬೆನ್ನು ಹತ್ತಿ ರಾಜಕಾರಣದ ಒಳಗೆ ಇಳಿಯುತ್ತಾನೆ. ಕೊನೆಗೆ ತಾನೇ ಬೇರೆಯವರ ಆಟದ ಕಾಯಿ ಆಗಿದ್ದೆ ಅಂತ ಗೊತ್ತಾಗುತ್ತದೆ. ಆ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಮುಖ ನೋಡಿ ಕಲಿ. ಅಚ್ಚಾದ ಮೇಲೆ ಸೋಲುವುದು ಹೇಗಿರುತ್ತದೆ ಅಂತ.

ಅಥವಾ ತಪ್ಪನ್ನು ಆಫೀಸಿನ ಒಳಗೇ ಇಡಬಹುದು. ‘ಸ್ಪಾಟ್‌ಲೈಟ್’, 2015. ಬಾಸ್ಟನ್ನಿನ ಪಾದ್ರಿಗಳು ಮಕ್ಕಳ ಮೇಲೆ ಮಾಡಿದ ದೌರ್ಜನ್ಯವನ್ನು ಒಂದು ತಂಡ ಹೊರಗೆ ತರುತ್ತದೆ. ಅದರಲ್ಲಿ ನನ್ನನ್ನು ಅಲ್ಲಾಡಿಸಿದ ದೃಶ್ಯದಲ್ಲಿ ಪಾದ್ರಿಗಳೇ ಇಲ್ಲ. ವರ್ಷಗಳ ಹಿಂದೆಯೇ ಇಂಥ ಇಪ್ಪತ್ತು ಪಾದ್ರಿಗಳ ವಿಷಯ ಪತ್ರಿಕೆಗೆ ಬಂದಿತ್ತು, ಒಂದು ಸಣ್ಣ ಸುದ್ದಿಯಾಗಿ ಒಳಗೆಲ್ಲೋ ಹೂತುಹೋಗಿತ್ತು. ಆಗ ಆ ವಿಭಾಗ ನೋಡುತ್ತಿದ್ದವನು ಈಗಿನ ತಂಡದ ಮುಖ್ಯಸ್ಥನೇ. ಅವನು ಅದನ್ನು ತನ್ನವರ ಮುಂದೆ ಒಪ್ಪಿಕೊಳ್ಳುತ್ತಾನೆ. ದನಿ ಎತ್ತುವುದಿಲ್ಲ. ಇನ್ನು ಕೆಲಸ ತೋರಿಸುವುದು ಬೋರು ಅನ್ನುವವರಿಗೆ ಅದೇ ಸಿನಿಮಾದಲ್ಲಿ ಉತ್ತರ ಇದೆ. ಅವರು ಚರ್ಚಿನ ಹಳೇ ಡೈರೆಕ್ಟರಿಗಳನ್ನು ಗುಡ್ಡೆ ಹಾಕಿಕೊಂಡು, ಯಾವ ಪಾದ್ರಿಯ ಹೆಸರಿನ ಮುಂದೆ ಯಾವ ವರ್ಷ ‘ಅನಾರೋಗ್ಯ ರಜೆ’ ಅಂತಿದೆ ಅಂತ ಸ್ಕೇಲ್ ಇಟ್ಟು ಸಾಲು ಸಾಲಾಗಿ ನೋಡುತ್ತಾರೆ. ತಪ್ಪು ಮಾಡಿದವರನ್ನು ಚರ್ಚು ಹಾಗೆ ಬರೆದು ಮರೆಮಾಡುತ್ತಿತ್ತು. ಸಾಲಿನ ಮೇಲೆ ಸ್ಕೇಲ್ ಸರಿಯುತ್ತದೆ, ಪಟ್ಟಿ ಬೆಳೆಯುತ್ತದೆ. ಯಾರೂ ಸೀಟು ಬಿಟ್ಟು ಏಳುವುದಿಲ್ಲ.

ನಾಯಕನಿಗೆ ಬೈಲೈನ್ ಇರಲೇಬೇಕು ಅಂತಲೂ ಇಲ್ಲ. ‘ಯು ಟರ್ನ್’ನಲ್ಲಿ ಪವನ್ ಕುಮಾರ್ ತಮ್ಮ ನಾಯಕಿಯನ್ನು ಬರೀ ಇಂಟರ್ನ್, ಅಂದರೆ ಪತ್ರಿಕೆಯಲ್ಲಿ ಕೆಲಸ ಕಲಿಯೋಕೆ ಬಂದವಳು, ಮಾಡಿದರು. ಕೈಯಲ್ಲಿ ಫ್ಲೈಓವರ್ ಮೇಲೆ ನಿಯಮ ಮುರಿದು ಯು ಟರ್ನ್ ಹೊಡೆದ ಗಾಡಿಗಳ ನಂಬರುಗಳ ಪಟ್ಟಿ, ತಾನೇ ಕಂಡುಕೊಂಡ ಒಂದು ಸಣ್ಣ ಸ್ಟೋರಿ. ಪೊಲೀಸರು ಬಾಗಿಲಿಗೆ ಬಂದಾಗ ಅವಳ ಹಿಂದೆ ನಿಲ್ಲೋಕೆ ದೊಡ್ಡ ಹೆಸರಿಲ್ಲ. ನಿನ್ನವನನ್ನೂ ‘ಹಿರಿಯ ವರದಿಗಾರ’ನಿಂದ ಎರಡು ಮೆಟ್ಟಿಲು ಕೆಳಗಿಳಿಸಿ ನೋಡು.

ಹಾಂ, ಮರೆತೆ. ನಿನ್ನ 52ನೇ ದೃಶ್ಯ. ವರದಿಗಾರ್ತಿ ಸುದ್ದಿಗಾಗಿ ಅಧಿಕಾರಿಯ ಜೊತೆ ಡಿನ್ನರಿಗೆ ಹೋಗುತ್ತಾಳೆ, ಅಲ್ಲಿಂದ ಅವನ ಮನೆಗೆ. ತೆಗೆದುಹಾಕು. ಎಷ್ಟು ಸಿನಿಮಾದಲ್ಲಿ ಇದನ್ನೇ ತೋರಿಸಿದ್ದಾರೆ ಗೊತ್ತಾ? ನಾವು ಸುದ್ದಿ ತಂದದ್ದು ಹಾಗಲ್ಲ. ಕಚೇರಿಗಳ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂತು, ಜವಾನನ ಮಗಳ ಪರೀಕ್ಷೆ ಹೇಗಾಯಿತು ಅಂತ ವಿಚಾರಿಸಿಕೊಂಡು ತಂದದ್ದು. ಇದೊಂದರ ಬಗ್ಗೆ ಚರ್ಚೆ ಬೇಡ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀಯ. ಪೆನ್‌ಡ್ರೈವನ್ನು 84ರಿಂದ 45ಕ್ಕೆ ತಾ. ಅದರಲ್ಲಿರುವ ದನಿ ಮಂತ್ರಿಯದ್ದೇ ಅಂತ ಅವನಿಗೆ ಗೊತ್ತು, ತೋರಿಸಿಕೊಡೋಕೆ ಆಗುತ್ತಿಲ್ಲ. ಸಂಪಾದಕರನ್ನು ಕಳ್ಳ ಮಾಡಬೇಡ, ಅವರೂ ಒಳ್ಳೆಯವರೇ ಇರಲಿ. ‘ಕಾಗದ ಎಲ್ಲಿ?’ ಅಂತ ಮಾತ್ರ ಕೇಳಲಿ, ಬೇಕಾದರೆ ನನ್ನ ಸಂಪಾದಕರ ಮಾತನ್ನೇ ತಗೋ. ದನಿ ಗುರುತಿಸಬಲ್ಲ ಒಬ್ಬಳೇ ಒಬ್ಬಳು ಇದ್ದಾಳೆ. ಮಂತ್ರಿಯ ಹಳೇ ಟೈಪಿಸ್ಟ್, ನೀನು 12ನೇ ದೃಶ್ಯದಲ್ಲಿ ಒಂದು ಸಲ ತಂದು ಮರೆತುಬಿಟ್ಟ ಹೆಂಗಸು. ಅವಳು ಹೌದು ಅಂದರೆ ಅವಳ ಪಿಂಚಣಿ ಹೋಗುತ್ತದೆ. ಇದು ನಿನ್ನ ನಾಯಕನಿಗೂ ಗೊತ್ತಿರಲಿ. ಗೊತ್ತಿದ್ದೂ ಅವಳ ಮನೆಯ ಬಾಗಿಲು ತಟ್ಟಲಿ. ಆ ಬಾಗಿಲಿನ ದೃಶ್ಯವನ್ನು ಮೊದಲು ಬರೆ, ಉಳಿದದ್ದು ಆಮೇಲೆ. ಅವಳು ಒಳಗೆ ಕರೆಯುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ನೀನು ಬರೆದ ಮೇಲೆ ನೋಡೋಣ.

ಬರೆದಾದ ಮೇಲೆ ಪ್ರಿಂಟ್ ತೆಗೆಸಿ ಕಳಿಸು. ಫೋನಿನಲ್ಲಿ ಓದಿದರೆ ನನಗೆ ಕಣ್ಣು ನೋಯುತ್ತದೆ. ಅಂಚು ಸ್ವಲ್ಪ ಅಗಲ ಬಿಡು, ಪೆನ್ಸಿಲ್‌ಗೆ ಜಾಗ ಬೇಕು.

ನಿನ್ನ,
ಅಕ್ಕ