ಆಟಿಸಂ: ಮಗು ಒಂದು, ನೋಂದಣಿ ಸಂಖ್ಯೆ ಐದು

ಮಾನ್ಯ ಸಂಪಾದಕರೇ,

ಆಟಿಸಂ, ಅಂದರೆ ಮಾತು, ಬೆರೆಯುವಿಕೆ, ವರ್ತನೆಗಳಲ್ಲಿ ವ್ಯತ್ಯಾಸ ಕಾಣುವ ಬೆಳವಣಿಗೆಯ ಸ್ಥಿತಿ ಇರುವ ಮಗುವಿಗೆ ನಮ್ಮ ರಾಜ್ಯದಲ್ಲಿ ಐದು ನೋಂದಣಿ ಸಂಖ್ಯೆಗಳಿರಬಹುದು. ತಾಯಿ ಕಾರ್ಡ್‌ನ ಸಂಖ್ಯೆ ಆರೋಗ್ಯ ಇಲಾಖೆಯದು, ಪೌಷ್ಟಿಕತೆ ದಾಖಲಿಸುವ ಪೋಷಣ್ ಟ್ರ್ಯಾಕರ್ ಆ್ಯಪ್‌ನದು ಅಂಗನವಾಡಿಯದು, ವಿದ್ಯಾರ್ಥಿ ದಾಖಲೆಯಾದ ಎಸ್‌ಎಟಿಎಸ್‌ನದು ಶಾಲೆಯದು. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮತ್ತು ನಿರಾಮಯ ಎಂಬ ಆರೋಗ್ಯ ವಿಮೆಯ ಸಂಖ್ಯೆಗಳು ಬೇರೆ. ಈ ಐದೂ ಒಂದೇ ಮಗುವಿನವು ಎಂದು ಹೇಳಬಲ್ಲ ಅಧಿಕಾರಿಯನ್ನು ಜಿಲ್ಲೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಹೊಸ ಯೋಜನೆ ಬೇಕೆಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಇರುವ ಯೋಜನೆಗಳ ನಡುವೆ ಮಗು ಎಲ್ಲೆಲ್ಲಿ ಕೈತಪ್ಪುತ್ತದೆ ಎಂಬುದನ್ನು ಸರ್ಕಾರದ ಗಮನಕ್ಕೆ ತರಬೇಕಾಗಿದೆ.

ಮೊದಲ ಎಡವಟ್ಟು ಆಗುವುದು ಗುರುತಿಸುವ ಹಂತದಲ್ಲೇ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ತಂಡ ಕಣ್ಣು, ಹಲ್ಲು, ಹೃದಯ, ರಕ್ತಹೀನತೆ ನೋಡುತ್ತದೆ. ಇವೆಲ್ಲ ಮಗುವನ್ನು ಮುಟ್ಟಿ ನೋಡಿದರೆ ತಿಳಿಯುವಂಥವು. ಆಟಿಸಂ ಹಾಗಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತದೆಯೇ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತದೆಯೇ ಅಥವಾ ಅಮ್ಮನ ಕೈಯನ್ನೇ ಎಳೆದು ಬಿಸ್ಕತ್ ಡಬ್ಬಿಯ ಮೇಲಿಡುತ್ತದೆಯೇ ಎಂದು ಮನೆಯವರನ್ನು ಕೇಳಬೇಕು. ತಂಡ ಬರುವ ಹೊತ್ತಿಗೆ ಅಮ್ಮ ಕೂಲಿಗೆ ಹೋಗಿರುತ್ತಾಳೆ. ತೂಕ ಸರಿಯಿದ್ದು ಮೂಲೆಯಲ್ಲಿ ಸುಮ್ಮನೆ ಕೂತಿರುವ ಮಗುವಿನ ಹೆಸರಿನ ಮುಂದೆ ‘ಸಹಜ’ ಎಂದು ಗುರುತು ಬೀಳುತ್ತದೆ. ತಾಯಿ ಕಾರ್ಡ್‌ನಲ್ಲಿ ಬೆಳವಣಿಗೆಯ ಹಂತಗಳ ಪುಟವೂ ಇದೆ. ಲಸಿಕೆ, ತೂಕದ ಪುಟಗಳು ತುಂಬಿದ್ದರೂ ಆ ಪುಟ ಖಾಲಿ ಉಳಿದ ಕಾರ್ಡ್‌ಗಳನ್ನು ನಾವು ದಿನವೂ ನೋಡುತ್ತೇವೆ.

ಇದನ್ನು ಸರಿಪಡಿಸಲು ಹೊಸ ಹುದ್ದೆ ಬೇಕಿಲ್ಲ. 16ರಿಂದ 24 ತಿಂಗಳ ನಡುವೆ ಡಿಪಿಟಿ ಬೂಸ್ಟರ್ ಮತ್ತು ದಡಾರ-ರುಬೆಲ್ಲಾ ಎರಡನೇ ಡೋಸ್ ಕೊಡಿಸಲು ತಾಯಿಯೋ ಅಜ್ಜಿಯೋ ಮಗುವನ್ನು ಎತ್ತಿಕೊಂಡು ಬಂದೇ ಬರುತ್ತಾರೆ. ಆಟಿಸಂನ ಸುಳಿವು ಹುಡುಕುವ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ ಇರುವುದೂ 16ರಿಂದ 30 ತಿಂಗಳ ಮಕ್ಕಳಿಗೇ. ಚುಚ್ಚುಮದ್ದಿನ ನಂತರ ಅರ್ಧ ಗಂಟೆ ಕಾಯಿಸುತ್ತಾರಲ್ಲ, ಆಗ ಆಶಾ ಕಾರ್ಯಕರ್ತೆ ಕನ್ನಡದಲ್ಲೋ ಮನೆಮಾತಿನಲ್ಲೋ ಈ ಪ್ರಶ್ನೆ ಕೇಳಿ ಮುಗಿಸಬಹುದು. ಅಂಕ 2 ಅಥವಾ ಕಡಿಮೆಯಿದ್ದರೆ ಸದ್ಯಕ್ಕೆ ಚಿಂತೆಯಿಲ್ಲ. ಆದರೆ ಎರಡು ವರ್ಷ ತುಂಬದ ಮಗುವಾದರೆ ತುಂಬಿದ ಮೇಲೆ ಇನ್ನೊಮ್ಮೆ ಕೇಳಬೇಕು. 3ರಿಂದ 7 ಬಂದರೆ ಪೂರಕ ಪ್ರಶ್ನೆಗಳನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು. 8 ಅಥವಾ ಹೆಚ್ಚಾದರೆ ನೇರವಾಗಿ ತಜ್ಞರ ಬಳಿಗೆ ಕಳಿಸಬೇಕು. ಪೂರಕ ಪ್ರಶ್ನೆಗಳನ್ನು ಬಿಟ್ಟರೆ ಆಟಿಸಂ ಇಲ್ಲದ ಮಕ್ಕಳೂ ದೊಡ್ಡ ಸಂಖ್ಯೆಯಲ್ಲಿ ಜಿಲ್ಲಾ ಆಸ್ಪತ್ರೆಯ ಸಾಲಿಗೆ ಸೇರುತ್ತಾರೆ, ನಿಜವಾಗಿ ಬೇಕಾದವರ ಸರದಿ ಹಿಂದೆ ಬೀಳುತ್ತದೆ.

ಎರಡನೆಯ ತೊಡಕು, ತಜ್ಞರಿಗೆ ತೋರಿಸಿ ಎಂಬ ಚೀಟಿ ಬರೆದುಕೊಟ್ಟಲ್ಲಿಗೆ ತಂಡದ ಕೆಲಸ ಮುಗಿಯುವುದು. ಇಂಥ ಮಕ್ಕಳನ್ನು ಪರೀಕ್ಷಿಸಿ ಥೆರಪಿ ಕೊಡುವ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರ ಇರುವುದು ಜಿಲ್ಲೆಯ ಮುಖ್ಯ ಪಟ್ಟಣದಲ್ಲಿ. ಗಡಿ ತಾಲ್ಲೂಕಿನಿಂದ ವಾರಕ್ಕೊಮ್ಮೆ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಗಲಾಟೆಗೆ ಕಿವಿ ಮುಚ್ಚಿಕೊಂಡು ಚೀರುವ ಮಗುವನ್ನು ಸಂಭಾಳಿಸುವ ಪಾಡು ಬೇರೆ. ಎರಡು ವಾರ ಬಂದವರು ಮೂರನೆಯ ವಾರ ಬರುವುದಿಲ್ಲ. ಬರಲಿಲ್ಲವೇಕೆ ಎಂದು ಕೇಳುವುದು ಯಾರ ಕೆಲಸವೂ ಅಲ್ಲ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಆದರೆ ಅವರು ವಿಕಲಚೇತನರ ಇಲಾಖೆಯವರು, ಚೀಟಿ ಆರೋಗ್ಯ ಇಲಾಖೆಯದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಸ್ಥಿತಿ. ಚೀಟಿಯ ಒಂದು ಪ್ರತಿ ಅದೇ ದಿನ ಪಂಚಾಯಿತಿಯ ಕಾರ್ಯಕರ್ತರ ಕೈ ಸೇರಲಿ, ಮಗು 30 ದಿನದಲ್ಲಿ ಕೇಂದ್ರ ತಲುಪಿತೇ ಎಂದು ಮನೆಗೆ ಹೋಗಿ ವಿಚಾರಿಸುವ ಹೊಣೆ ಅವರದಾಗಲಿ.

ಈ ಕಾಯುವ ತಿಂಗಳುಗಳಲ್ಲೇ ‘ಸ್ಟೆಮ್ ಸೆಲ್ ಕೊಡಿಸಿದರೆ ಮಾತು ಬರುತ್ತದೆ’ ಎನ್ನುವವರು ಮನೆಯವರನ್ನು ಹುಡುಕಿಕೊಂಡು ಬರುತ್ತಾರೆ. ದೇಹಕ್ಕೆ ಆಕರಕೋಶ ಸೇರಿಸುವ ಈ ಚಿಕಿತ್ಸೆಯನ್ನು ಆಟಿಸಂಗೆ ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕತೆ ಮತ್ತು ವೈದ್ಯಕೀಯ ನೋಂದಣಿ ಮಂಡಳಿ 2022ರಲ್ಲೇ ಹೇಳಿದೆ. ಆ ಮಾತು ಹೊಲ ಮಾರಲು ಹೊರಟ ತಂದೆಯ ಕಿವಿಗೆ ಬಿದ್ದಿರುವುದಿಲ್ಲ.

ವೈಕಲ್ಯ ಪ್ರಮಾಣಪತ್ರದ ವಿಷಯ ಇನ್ನೂ ಸೂಕ್ಷ್ಮ. 1995ರ ವಿಕಲಚೇತನರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸೇರಿತು. ಅಳೆಯಲು ಬಳಸುವುದು ಐಎಸ್‌ಎಎ ಎಂಬ ಭಾರತೀಯ ಮಾಪನ. ಅದರಲ್ಲಿ 40 ಅಂಶಗಳಿವೆ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಒಟ್ಟು 70 ಬಂದರೆ ಶೇ 40 ವೈಕಲ್ಯ, ಸೌಲಭ್ಯಗಳ ಬಾಗಿಲು ತೆರೆಯುತ್ತದೆ. 69 ಬಂದರೆ ಆಟಿಸಂ ಇಲ್ಲವೆಂದೇ ಲೆಕ್ಕ. ಒಂದೊಂದು ಅಂಕವೂ ನಿಂತಿರುವುದು ಆ ವರ್ತನೆ ಎಷ್ಟು ಸಲ ಕಾಣುತ್ತದೆ ಎಂಬುದರ ಮೇಲೆ. ಅಪರೂಪಕ್ಕೆ ಕಂಡರೆ 1, ಯಾವಾಗಲೂ ಕಂಡರೆ 5. ಮಗುವನ್ನು ಆಡಲು ಬಿಟ್ಟು ನೋಡಬೇಕು, ಪೋಷಕರೊಡನೆ ನಿಧಾನವಾಗಿ ಮಾತಾಡಬೇಕು. ಶಿಬಿರದ ನೂಕುನುಗ್ಗಲಿನಲ್ಲಿ ಹತ್ತು ನಿಮಿಷದಲ್ಲಿ ಮುಗಿಸಿದರೆ ಎರಡು ಬಗೆಯ ತಪ್ಪಾಗುತ್ತದೆ. ಹೆದರಿ ಅಳುವ ಮಗುವಿಗೆ ಅಂಕ ಏರುತ್ತದೆ. ಚೆನ್ನಾಗಿ ಮಾತಾಡುವ, ಆದರೆ ಹೇಳಿದ್ದನ್ನೇ ಹೇಳುವ ಮಗುವಿಗೆ ಅಂಕ ಇಳಿಯುತ್ತದೆ. ಆಟಿಸಂ ತಪಾಸಣೆಗೆ ಪ್ರತ್ಯೇಕ ದಿನ, ಶಾಂತ ಕೊಠಡಿ, ದಿನಕ್ಕೆ ಆರೇಳು ಮಕ್ಕಳಿಗಿಂತ ಹೆಚ್ಚಿಲ್ಲ ಎಂಬ ಮಿತಿ, ಇಷ್ಟಾದರೂ ಆಗಬೇಕು.

ನಿರಾಮಯ ವಿಮೆ ವರ್ಷಕ್ಕೆ ₹1 ಲಕ್ಷದವರೆಗೆ ಸಿಗುತ್ತದೆ, ಒಂದು ಮಿತಿಯೊಳಗೆ ಥೆರಪಿ ವೆಚ್ಚವೂ ಅದರಲ್ಲಿ ಸೇರಿದೆ. ವರ್ಷವರ್ಷವೂ ನವೀಕರಿಸದಿದ್ದರೆ ಕೈತಪ್ಪುತ್ತದೆ. ಯುಡಿಐಡಿ ಕೊಡುವ ಮೇಜಿನಲ್ಲೇ ಈ ಅರ್ಜಿಯನ್ನೂ ತುಂಬಿಸಲು ಅಡ್ಡಿಯೇನು?

18 ತುಂಬಿದ ದಿನ ಮತ್ತೊಂದು ಗೋಡೆ ಎದುರಾಗುತ್ತದೆ. ಸ್ವತಃ ವ್ಯವಹರಿಸಲಾಗದ ಯುವಕನ ಖಾತೆ ನಿರ್ವಹಿಸಲು ಬ್ಯಾಂಕು ಪಾಲಕತ್ವದ ಆದೇಶ ಕೇಳುತ್ತದೆ. ಹೆತ್ತವರು ಎಂಬುದಷ್ಟೇ ಸಾಲದು. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಆ ಆದೇಶ ಕೊಡಬೇಕಾದ್ದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ. ಅದು ಕನಿಷ್ಠ ಮೂರು ತಿಂಗಳಿಗೊಮ್ಮೆ ಸೇರಬೇಕೆಂದು ಕಾಯ್ದೆಯೇ ಹೇಳುತ್ತದೆ. ನ್ಯಾಸದಲ್ಲಿ ನೋಂದಾಯಿತ ಸಂಸ್ಥೆಯ ಪ್ರತಿನಿಧಿಯೊಬ್ಬರು ಅದರಲ್ಲಿರಬೇಕು. ಅಂಥ ಸಂಸ್ಥೆ ಇಲ್ಲದ ಜಿಲ್ಲೆಯಲ್ಲಿ ಸಮಿತಿ ರಚನೆಯೇ ಕಗ್ಗಂಟಾಗುತ್ತದೆ. ಶಾಲೆಯ ದಾಖಲೆಯಲ್ಲಿ ಜನ್ಮದಿನಾಂಕ ಇದ್ದೇ ಇದೆಯಲ್ಲವೇ? 17 ತುಂಬಿದಾಗಲೇ ಮನೆಯವರಿಗೆ ತಿಳಿಸಿ ದಾಖಲೆ ಸಿದ್ಧಪಡಿಸಿಕೊಳ್ಳಲು ಹೇಳಿದರೆ ಒಂದು ವರ್ಷದ ಅಲೆದಾಟ ತಪ್ಪುತ್ತದೆ.

ಸಂಶೋಧನೆಯಲ್ಲಿ ಕರ್ನಾಟಕಕ್ಕಿರುವ ಅನುಕೂಲ ಹೆಚ್ಚು ರಾಜ್ಯಗಳಿಗಿಲ್ಲ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್, ದಾವಣಗೆರೆಯಲ್ಲಿ ವಿಕಲಚೇತನರ ಸಂಯುಕ್ತ ಪ್ರಾದೇಶಿಕ ಕೇಂದ್ರ. ಮೂರೂ ಕೇಂದ್ರ ಸರ್ಕಾರದವು. ಮೊದಲೆರಡು ಆರೋಗ್ಯ ಸಚಿವಾಲಯಕ್ಕೆ, ಮೂರನೆಯದು ಸಾಮಾಜಿಕ ನ್ಯಾಯ ಸಚಿವಾಲಯಕ್ಕೆ ಸೇರಿದವು. ಕನ್ನಡ ಮಾತಾಡುವ ಮಕ್ಕಳ ಭಾಷೆ, ವರ್ತನೆಗಳ ಬಗ್ಗೆ ನಡೆದ ಅಧ್ಯಯನಗಳು ಪ್ರಬಂಧಗಳಾಗಿ ಕಪಾಟು ಸೇರುವ ಬದಲು ಅಂಗನವಾಡಿ ತರಬೇತಿಯ ಕೈಪಿಡಿಗೆ ಬರಬೇಕು. ಅಮೆರಿಕದಲ್ಲಿ ಇದಕ್ಕೆಂದೇ ಕಾನೂನಿನಡಿ ಅಂತರ್ ಇಲಾಖಾ ಆಟಿಸಂ ಸಮನ್ವಯ ಸಮಿತಿ ಇದೆ. ಸಂಶೋಧನೆಗೆ ಹಣ ಕೊಡುವವರು, ಸೇವೆ ಕೊಡುವವರು ಒಂದೇ ಮೇಜಿನಲ್ಲಿ ಕೂರುತ್ತಾರೆ, ಸಭೆಗಳು ಬಹಿರಂಗವಾಗಿ ನಡೆಯುತ್ತವೆ. 2019ರ ತಿದ್ದುಪಡಿಯ ಪ್ರಕಾರ ಆಟಿಸಂ ಇರುವವರು ಕನಿಷ್ಠ ಮೂವರು, ಪೋಷಕರು ಕನಿಷ್ಠ ಮೂವರು ಅದರಲ್ಲಿರಲೇಬೇಕು. ಆ ಸಮಿತಿಯ ಎಲ್ಲ ತೀರ್ಮಾನಗಳನ್ನೂ ನಾವು ಒಪ್ಪಬೇಕೆಂದಲ್ಲ, ಕೂರಿಸುವ ಕ್ರಮವನ್ನಾದರೂ ಕಲಿಯಬಹುದು.

2016ರ ಕಾಯ್ದೆಯ 72ನೇ ಕಲಂ ಪ್ರತಿ ಜಿಲ್ಲೆಗೂ ವಿಕಲಚೇತನರ ಸಮಿತಿ ಇರಬೇಕು ಎನ್ನುತ್ತದೆ. ಅದರ ಸಭೆಗೆ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ), ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು (ಡಿಡಿಪಿಐ), ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರು, ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ನಾಲ್ಕು ಸಂಖ್ಯೆಗಳನ್ನು ತರಲಿ: ತಪಾಸಣೆಯಿಂದ ಕಳಿಸಿದ ಮಕ್ಕಳೆಷ್ಟು, 30 ದಿನದಲ್ಲಿ ಕೇಂದ್ರ ತಲುಪಿದವರೆಷ್ಟು, ಮೂರು ತಿಂಗಳ ನಂತರವೂ ಥೆರಪಿಗೆ ಬರುತ್ತಿರುವವರೆಷ್ಟು, ಯುಡಿಐಡಿ ಪಡೆದು ಶಾಲೆಗೆ ಸೇರಿದವರೆಷ್ಟು. ಮಕ್ಕಳ ಹೆಸರು ಬಿಟ್ಟು, ತಾಲ್ಲೂಕುವಾರು ಈ ಲೆಕ್ಕವನ್ನು ಜಿಲ್ಲಾಡಳಿತದ ಜಾಲತಾಣದಲ್ಲಿ ಪ್ರತಿ ತಿಂಗಳು ಹಾಕಲಿ.

— ವಾಕ್ ಚಿಕಿತ್ಸಕರು ಮತ್ತು ವಿಶೇಷ ಶಿಕ್ಷಕರು, ಮೈಸೂರು