ಅಪ್ಪಗ ಹೇಳ್ರಿ, ಸಾಲು ಕೆದರೋದು ಬಿಡಲಿ

ಹೆಲ್ಸಿಂಕಿ, ಜೂನ್ 27

ಅವ್ವಾ,

ನಾ ಆರಾಮ ಅದೀನಿ. ನೀವೂ ಆರಾಮ ಅಂತ ಬರೀಬೇಕಿತ್ತು, ಬಸು ಕಳಿಸಿದ್ದು ಓದಿದ ಮ್ಯಾಲ ಕೈ ಬರವಲ್ದು. ಅಪ್ಪ ಮೂರು ದಿನದಿಂದ ಬಿಪಿ ಗುಳಿಗಿ ನುಂಗಿಲ್ಲಂತ, ಚಾ ಸುದ್ದಾ ಕುಡೀದ ಹೊಲಕ್ಕ ಹೋಗಿ ಬದುವಿನ ಮ್ಯಾಲ ಕುಂತು ಬಿತ್ತಿದ ಸಜ್ಜಿ ಇನ್ನೂ ಮ್ಯಾಲ ಎದ್ದಿಲ್ಲಂತ ಬೆರಳಿಲೆ ಸಾಲು ಕೆದರಿ ಕೆದರಿ ಮೊಳಕಿ ನೋಡತಾನಂತ. ಫೋನ್ ಮಾಡಿದ್ರ "ಎಲ್ಲಾ ಚೊಲೋ ಐತಿ, ನಿನ್ನ ಕೆಲಸ ನೋಡ್ಕೋ" ಅಂತ ಇಟ್ಟೇಬಿಟ್ಟ. ಅದಕ್ಕ ಬರೀತೀನಿ, ಬಸು, ಇಬ್ಬರನ್ನೂ ಕುಂದ್ರಿಸಿ ಓದಿ ಹೇಳು.

ಬಿತ್ತಿದ ಮರುದಿನಾನ ಅಂಥಾ ಮಳಿ ಹೊಡದು ಆಮ್ಯಾಲ ನಾಕು ದಿನ ಬಿಸಲು ಬಿದ್ರ ನಮ್ಮ ಮಸಾರಿ ಹೊಲ ಸಾರಿಸಿದ ಪಡಸಾಲಿಯಂಗ ಗಟ್ಟಿ ಆಗತೈತಿ. ಹನಿ ಬಡದು ಹೆಂಟಿ ಪುಡಿಯಾಗಿ ಸಂದಿ ಎಲ್ಲಾ ಮುಚ್ಚತಾವ. ಫೋಟೋದಾಗ ನೋಡಿದೆ, ಬೇರು ಚೊಲೋ ಇಳದೈತಿ, ಮೊಳಕಿ ಬೆಳ್ಳಗ ಐತಿ, ಮೊನಿ ಮಾತ್ರ ಮ್ಯಾಲಿನ ಪದರಕ್ಕ ತಾಗಿ ಸುರುಳಿ ಸುತ್ತೈತಿ. ಅಂದ್ರ ಬೀಜ ಸತ್ತಿಲ್ಲ, ಅಂಗಡಿಯವಂದೂ ತಪ್ಪಿಲ್ಲ (ಅಪ್ಪ ಅವನ ಜೋಡಿ ಜಗಳ ತಗದು ಬಂದಾನಂತಲ್ಲ!). ಶೇಂಗಾದಂಥ ದಪ್ಪ ಕಾಳಾದ್ರ ನೆಲ ಎತ್ತಿ ಒಡಕೊಂಡು ಬರತೈತಿ, ಸಜ್ಜಿಗೆಲ್ಲೈತಿ ಆ ತಾಕತ್ತು.

ಕಾಕಾನ ಬೋರ್‌ನಿಂದ ಸ್ಪ್ರಿಂಕ್ಲರ್ ತಂದು ಸಂಜಿಮುಂದ ಸ್ವಲ್ಪ ಹೊತ್ತು ಬಿಡ್ರಿ, ಮ್ಯಾಲಿನ ಪದರ ಮೆತ್ತಗಾದ್ರ ಸಾಕು, ನೀರು ನಿಂದ್ರಬಾರದು, ನಿಂತ್ರ ಒಣಗಿ ಮತ್ತ ಅದ ಹಣೆಬರಹ. ಸ್ಪ್ರಿಂಕ್ಲರ್ ಸಿಗಲಿಲ್ಲಂದ್ರ ಜಾಲಿ ಮುಳ್ಳಿನ ಟೊಂಗಿ ಕಟ್ಟಿ ಹಗೂರ್ಕ ಎಳೀರಿ, ಅಜ್ಜ ಮಾಡತಿದ್ನಲ್ಲ ಹಂಗ, ಮ್ಯಾಲ ಕಲ್ಲು ಹೇರಬ್ಯಾಡ್ರಿ, ಮೊಳಕಿ ಮುರೀತಾವ. ಆಮ್ಯಾಲ ಅಲ್ಲಲ್ಲಿ ಖಾಲಿ ಉಳದ್ರ ದಟ್ಟ ಬಂದಲ್ಲಿ ಸಸಿ ಕಿತ್ತು ಮೋಡದ ದಿನ ಹಸಿ ನೆಲಕ್ಕ ಹಚ್ಚಿದ್ರಾತು, ಸಜ್ಜಿ ಹತ್ತತೈತಿ.

ಕೆದರಬ್ಯಾಡ್ರಿ ಅಂತ ಯಾಕ ಹೇಳತೀನಿ ಅಂದ್ರ ನಾನೂ ಅದ ಮಾಡಿ ಕೆಡಿಸೀನಿ. ಇಲ್ಲೆ ಮಣ್ಣಿಗೂ ರೊಕ್ಕ ಅವ್ವಾ, ಪ್ಯಾಕೆಟ್‌ನ್ಯಾಗ ಮಾರತಾರ, ಅಪ್ಪಗ ಹೇಳಿದ್ರ ನಗತಾನ ನೋಡು. ಆ ಮಣ್ಣು ತಂದು ಅಡಗಿಮನಿ ಒಣಮೆಣಸಿನಕಾಯಿ ಬೀಜ ಹಾಕಿದ್ನಿ. ಹದಿನೈದು ದಿನಾದ್ರೂ ಏನೂ ಇಲ್ಲ, ಚಳಿಗೆ ಮೆಣಸಿನಕಾಯಿ ಏಳಂಗಿಲ್ಲಂತ. ತಡಿಲಾರದ ಚಮಚದಲೆ ಕೆದರಿದ್ನಿ, ಎರಡು ಮೊಳಕಿ ಕುತ್ತಿಗಿ ಮುರದ್ವು. ಒಂದು ಎದ್ದು ಬಂತು, ಆದ್ರ ಬೀಜದ ಸಿಪ್ಪಿ ಟೋಪಿಗತೆ ತಲಿಗೆ ಸಿಕ್ಕೊಂಡು ಎಲಿ ಬಿಚ್ಚವಲ್ದು. ಜಗ್ಗಾಕ ಹೋದ್ನಿ, ಬಾಜೂಮನಿ ಅಜ್ಜಿ ಕೈ ಹಿಡದಳು, ಒಂದು ಹನಿ ನೀರು ಹಚ್ಚಿ ಮ್ಯಾಲ ಗ್ಲಾಸ್ ಬೋರಲು ಹಾಕಿದಳು. ಸಂಜೀಕ ಸಿಪ್ಪಿ ತಾನ ಜಾರಿ ಬಿತ್ತು. ಸಂಜಿ ಅಂದ್ರ ಇಲ್ಲೆ ರಾತ್ರಿ ಹತ್ತೂವರಿಗೂ ಹೊತ್ತು ಮುಳುಗಿರಂಗಿಲ್ಲ ಮತ್ತ!

ಮರು ಬಿತ್ತಿಗಿ ಮಾಡೋದು ಬಂದ್ರೂ ಸಾಲ ತಗೀಬ್ಯಾಡ್ರಿ, ಬಸುನ ಅಕೌಂಟಿಗೆ ಹನ್ನೆರಡು ಸಾವಿರ ಹಾಕೀನಿ, ನನಗೇನೂ ಕಮ್ಮಿ ಬಿದ್ದಿಲ್ಲ, ಖರೇನ ಬಿದ್ದಿಲ್ಲ, ಊಟ ಮಸ್ತ್ ನಡದೈತಿ, ಥಂಡಿ ರೂಢಿ ಆಗೈತಿ, ನೀ ಕಾಳಜಿ ಮಾಡಬ್ಯಾಡ. ಅಪ್ಪನ್ನ ಸೋಮವಾರ ಕುಷ್ಟಗಿಗೆ ಕರಕೊಂಡು ಹೋಗಿ ಬಿಪಿ ತೋರಿಸ್ರಿ. ಗುಳಿಗಿ ನೀನ ಎದುರು ನಿಂತು ನುಂಗಿಸು, ನುಂಗಿದ್ದು ಬಸು ವಿಡಿಯೋ ಮಾಡಿ ಕಳಿಸಲಿ, ನಾ ನಂಬಂಗಿಲ್ಲ.

ಬಸ್ ಬಂತು, ಇಡತೀನಿ.

ನಿನ್ನ ಗಂಗಿ