ಇತಿಹಾಸದ ಕಾಮಿಕ್ಸ್: ಗೇಲಿ ಯಾವುದರ ಮೇಲೆ?

ಮಾನ್ಯ ಸಂಪಾದಕರೆ,

ಶಾಲೆಗಳಲ್ಲಿ ಮಕ್ಕಳಿಂದ ಇತಿಹಾಸದ ಕಾಮಿಕ್ಸ್ ಬರೆಸುವುದು ಒಳ್ಳೆಯ ಕೆಲಸ. ಆದರೆ ರಕ್ಕಸತಂಗಡಿ ಕದನ ಅಂದಕೂಡಲೇ ಒಂದು ಕಡೆ ಗಡ್ಡಬಿಟ್ಟ ಕ್ರೂರಿಗಳು, ಇನ್ನೊಂದು ಕಡೆ ತಿಲಕವಿಟ್ಟ ಚೆಲುವರು. 1565ರ ಆ ಯುದ್ಧದಲ್ಲಿ ವಿಜಯನಗರದ ಪಡೆಯಲ್ಲೂ ಮುಸ್ಲಿಂ ಸರದಾರರಿದ್ದರು.

ಇದಕ್ಕೆ ದ್ವೇಷವೊಂದೇ ಕಾರಣವಲ್ಲ, ಜಾಗದ ಕೊರತೆಯೂ ಹೌದು. ಪುಟಕ್ಕೆ ಆರು ಚೌಕ ಹಾಕಿ, ಪ್ರತಿ ಚೌಕದ ಮೇಲ್ಭಾಗವನ್ನು ಮಾತಿನ ಬಲೂನಿಗೆ ಬಿಟ್ಟರೆ ಮುಖಕ್ಕೆ ಉಳಿಯುವುದು ಹೆಬ್ಬೆರಳಗಲ. ನಾಲ್ಕು ಗೆರೆಯಲ್ಲಿ ಆಳು ಯಾರೆಂದು ತಿಳಿಯಬೇಕು. ಪೆನ್ಸಿಲು ತಾನಾಗಿ ಗಡ್ಡ, ಮೂಗು, ತುಟಿಗೆ ಹೋಗುತ್ತದೆ. ಆ ಗುರುತನ್ನು ನಿಶಾನೆಗೋ ಗುರಾಣಿಗೋ ದಾಟಿಸಿ. ಬಲೂನಿನ ಮಾತು ಹದಿನೈದು ಪದ ಮೀರದಿರಲಿ. ಶಾಯಿ ಹಾಕುವ ಮುಂಚೆ ಮುಖಗಳ ಮೇಲೆ ಕಾಗದದ ಚೂರು ಇಟ್ಟು ಓದಿಸಿ. ನಗು ಆಗಲೂ ಬಂದರೆ ಜೋಕು ಗಟ್ಟಿ.

1959ರಲ್ಲಿ ಶುರುವಾದ ಫ್ರಾನ್ಸಿನ ಕಾಮಿಕ್ಸ್ ಸರಣಿ ಆಸ್ಟರಿಕ್ಸ್‌ನಲ್ಲಿ ಸೀಸರನ ಕಾಲದ ಬ್ರಿಟನ್ನರು ಸಂಜೆ ಐದಾದರೆ ಯುದ್ಧ ಬಿಟ್ಟು ಬಿಸಿನೀರು ಕುಡಿಯುತ್ತಾರೆ, ವಾರಾಂತ್ಯ ಕಾದುವುದೇ ಇಲ್ಲ. ಹಳೆ ವೇಷದಲ್ಲಿ ಈ ಕಾಲದ ಇಂಗ್ಲಿಷರ ರೂಢಿಗೆ ಚಿವುಟಿದ್ದು. ಸ್ವಂತ ಊರಿನವರನ್ನೂ ಬಿಟ್ಟಿಲ್ಲ: ಫ್ರೆಂಚರ ಪೂರ್ವಿಕರಾದ ಗಾಲರು ಮೀನಿನ ನೆಪಕ್ಕೇ ಬೀದಿಯಲ್ಲಿ ಹೊಡೆದಾಡುತ್ತಾರೆ. ಅದೇ ಸರಣಿಯ ಕಡಲ್ಗಳ್ಳರ ಹಡಗಿನಲ್ಲಿ ಮಾತ್ರ ಕಾವಲಿನ ಕಪ್ಪು ವರ್ಣೀಯನಿಗೆ ದಪ್ಪ ತುಟಿ ಬರೆದು, ಮಾತಿನಲ್ಲಿ 'ರ'ಕಾರ ನುಂಗಿಸಿದ್ದಾರೆ. ಅಲ್ಲಿ ನಗಲು ಮೈ ಬಿಟ್ಟರೆ ಬೇರೇನೂ ಇಲ್ಲ.

ಅದಕ್ಕೂ 300 ವರ್ಷ ಮೊದಲು ನಮ್ಮ ಬಿಜಾಪುರದ ಚಿತ್ರಕಾರರು ಆಫ್ರಿಕಾ ಮೂಲದ ಮಂತ್ರಿ ಇಖ್ಲಾಸ್ ಖಾನನನ್ನು ಮುಹಮ್ಮದ್ ಆದಿಲಶಾಹನ ಜೊತೆ ಆನೆಯ ಮೇಲೆ ಕೂರಿಸಿ ಬರೆದರು. ಮೈಬಣ್ಣ ಇದ್ದಂತೆಯೇ ಇದೆ, ಗೇಲಿಯ ಸುಳಿವಿಲ್ಲ. ಮಕ್ಕಳಿಗೆ ಮೊದಲು ಆ ಚಿತ್ರ ತೋರಿಸಬೇಕು.

ಸುಲ್ತಾನರ ಬಾಯಲ್ಲಿ ಒಡಕು ಕನ್ನಡ ಹಾಕುವ ಚಟವೂ ಹೋಗಲಿ. ಅವರವರೇ ಮಾತಾಡಿಕೊಳ್ಳುವಾಗ ಭಾಷೆ ಯಾಕೆ ಒಡೆಯಬೇಕು?

ಗೇಲಿಗೆ ಸರಕು ಇಲ್ಲೇ ಬೇಕಾದಷ್ಟಿದೆ. ಅಪ್ಪ ಮುಹಮ್ಮದ್ ಆದಿಲಶಾಹನ ಗೋರಿಯಾದ ಗೋಳಗುಮ್ಮಟಕ್ಕೆ 44 ಮೀಟರ್ ವ್ಯಾಸದ ಗುಮ್ಮಟ. ಮಗ ಎರಡನೇ ಅಲಿಯ ಗೋರಿ ಬಾರಾ ಕಮಾನ್, ಸೂರೇ ಏರದೆ ಅರ್ಧಕ್ಕೆ ನಿಂತ ಕಾಮಗಾರಿ. 'ಮುಂದಿನ ಬಿಲ್ಲು ಪಾಸಾದ ಮೇಲೆ ಮುಗಿಸುತ್ತೇವೆ ಹುಜೂರ್' ಎಂದು ಗುತ್ತಿಗೆದಾರನ ಬಲೂನಿನಲ್ಲಿ ಬರೆದರೆ ಸಾಕು, ಜಿಲ್ಲೆಯ ಯಾವ ಓದುಗನಿಗೂ ಅಡಿಟಿಪ್ಪಣಿ ಬೇಕಾಗುವುದಿಲ್ಲ.

– ಇಬ್ಬರು ಚಿತ್ರಕಲಾ ಶಿಕ್ಷಕರು, ವಿಜಯಪುರ